ಎಂಜಿನ್ ಬದಲಾದರೂ ಅದೇ ಕಾರಾ?

ಪ್ರಶ್ನೆ: ನಮ್ಮ ತಾತ ಕೊಂಡಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಮನೆಯಲ್ಲಿದೆ. ಎಂಜಿನ್ ಎರಡು ಸಲ ಬದಲಾಗಿದೆ. ಬಾಗಿಲು, ಫ್ಲೋರ್ ಎಲ್ಲಾ ಹೊಸದು. ‘ಇದು ನಿಮ್ಮ ತಾತನ ಕಾರೇ ಅಲ್ಲ’ ಅಂತ ಸ್ನೇಹಿತನ ವಾದ. ಇಂಥದ್ದೇ ವಿಷಯಕ್ಕೆ ಇಂಗ್ಲೆಂಡಿನಲ್ಲಿ ಒಂದು ಬೆಂಟ್ಲಿ ಕಾರು ಕೋರ್ಟಿಗೆ ಹೋಗಿತ್ತಂತೆ. ಏನಾಯಿತು ಹೇಳ್ತೀರಾ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸ್ನೇಹಿತರಿಗೆ ಈ ಉತ್ತರ ಓದಿಸಿ. ನೀವು ಕೇಳಿದ ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಬೆಂಟ್ಲಿ ಸ್ಪೀಡ್ ಸಿಕ್ಸ್, ಆರು ಸಿಲಿಂಡರಿನ ಆರೂವರೆ ಲೀಟರ್ ಎಂಜಿನ್. ಫ್ರಾನ್ಸಿನ ಲೆ ಮಾನ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಓಡಿಸುವ ರೇಸ್ ಇದೆಯಲ್ಲ, ಅದನ್ನು ಈ ಕಾರು ಎರಡು ವರ್ಷ ಸತತ ಗೆದ್ದಿತು. 1929ರಲ್ಲಿ ಓಡಿಸಿದವರು ವುಲ್ಫ್ ಬಾರ್ನಾಟೋ ಮತ್ತು ಟಿಮ್ ಬರ್ಕಿನ್. ಆ ವರ್ಷ ಮೊದಲ ನಾಲ್ಕು ಸ್ಥಾನವೂ ಬೆಂಟ್ಲಿಗಳದ್ದೇ. 1930ರಲ್ಲಿ ಬಾರ್ನಾಟೋ ಜೊತೆ ಗ್ಲೆನ್ ಕಿಡ್‌ಸ್ಟನ್.

ಬಾರ್ನಾಟೋ ಬರೀ ಡ್ರೈವರ್ ಅಲ್ಲ. ಅವರ ಅಪ್ಪ ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರದ ಗಣಿಗಳಲ್ಲಿ ದುಡ್ಡು ಮಾಡಿದವರು. ಮಗ ಆ ದುಡ್ಡು ಹಾಕಿ ಬೆಂಟ್ಲಿ ಕಂಪನಿಯ ಚೇರ್ಮನ್ ಆದರು. ಲೆ ಮಾನ್‌ನಲ್ಲಿ ಮೂರು ಸಲ ಸ್ಪರ್ಧಿಸಿ ಮೂರೂ ಸಲ ಗೆದ್ದರು. 1931ರಲ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಕೈಗೆ ಹೋಯಿತು. ಆದರೂ ಈ ಕಾರು ಓಡೋದು ನಿಲ್ಲಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ 500 ಮೈಲಿ ರೇಸನ್ನೂ ಗೆದ್ದಿತು. 1932ರಲ್ಲಿ ಅದಕ್ಕೆ ಎಂಟು ಲೀಟರ್ ಎಂಜಿನ್ ಕೂರಿಸಿದರು. ಆ ಸಲದ 500 ಮೈಲಿ ರೇಸಿನಲ್ಲಿ, ಬಾಣಲೆಯ ಅಂಚಿನಂತೆ ಏರಿದ ಕಾಂಕ್ರೀಟ್ ತಿರುವಿನ ಮೇಲಿನಿಂದ ಕಾರು ಹಾರಿ ಆಚೆ ಬಿತ್ತು. ಓಡಿಸುತ್ತಿದ್ದ ಕ್ಲೈವ್ ಡನ್ಫೀ ತೀರಿಕೊಂಡರು. ಹಿಂದಿನ ವರ್ಷ ಇದೇ ಕಾರಿನಲ್ಲಿ ಗೆದ್ದವರಲ್ಲಿ ಒಬ್ಬರು ಅವರ ಅಣ್ಣ ಜ್ಯಾಕ್. ಈ ಕಾರಿನ ಗೆಲುವುಗಳ ಬಗ್ಗೆ ಹೇಳುವವರು ಈ ಸಾವನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ.

ಆಮೇಲೆ ಅದನ್ನು ರಿಪೇರಿ ಮಾಡಿ ರಸ್ತೆ ಮೇಲೆ ಓಡಿಸುವ ಕಾರಾಗಿ ಕಟ್ಟಿದರು. ಕೈಯಿಂದ ಕೈಗೆ ಹೋಯಿತು. 1990ರಲ್ಲಿ ಆಗಿನ ಮಾಲೀಕರು ಒಂದು ಕೋಟಿ ಪೌಂಡಿಗೆ ಮಾರಾಟ ಕುದುರಿಸಿದರು. ಕೊಳ್ಳುವವರು ಕೊನೆಗೆ, ‘ಇದು ಓಲ್ಡ್ ನಂಬರ್ ಒನ್ ಅಲ್ಲ’ ಅಂತ ಹಿಂದೆ ಸರಿದರು. ಮಾಲೀಕರು ಲಂಡನ್ನಿನ ಹೈಕೋರ್ಟಿಗೆ ಹೋದರು.

ನ್ಯಾಯಾಧೀಶ ಆಟನ್ ಅವರು ಕಾರಿನ ಒಂದೊಂದು ಭಾಗದ ಲೆಕ್ಕ ತೆಗೆದರು. 1929ರದ್ದು ಹೆಚ್ಚುಕಮ್ಮಿ ಏನೂ ಉಳಿದಿಲ್ಲ. 1930ರದ್ದು ಅಂತ ಸಿಕ್ಕಿದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ, ಸ್ಟಿಯರಿಂಗ್ ಕಾಲಮ್. ಛಾಸಿ (ಕಾರಿನ ಅಡಿಯ ಚೌಕಟ್ಟು), ಮುಂದಿನ ಆಕ್ಸಲ್, ಎಂಜಿನ್ ಎಲ್ಲಾ 1932ರದ್ದು. ಅಂದರೆ ಎರಡು ಲೆ ಮಾನ್ ಗೆದ್ದ ಲೋಹ ಇಷ್ಟೇ ಇಷ್ಟು. ಆದರೂ ತೀರ್ಪು ಮಾಲೀಕರ ಪರ ಬಂತು! ‘ಒರಿಜಿನಲ್’ ಅನ್ನೋಕಾಗಲ್ಲ, ಆದರೆ ನಿಜವಾದ ಓಲ್ಡ್ ನಂಬರ್ ಒನ್ ಇದೇ ಅಂದರು. ಭಾಗಗಳು ರೇಸಿನಿಂದ ರೇಸಿಗೆ, ಸ್ವಲ್ಪ ಸ್ವಲ್ಪವೇ ಬದಲಾದವು. ಯಾವ ದಿನವೂ ಅದು ಬೇರೆ ಕಾರಾಗಲಿಲ್ಲ. ಇನ್ನೊಂದು ಮುಖ್ಯ ಮಾತು: ಆ ಹೆಸರು ತನ್ನದು ಅನ್ನಬಲ್ಲ ಬೇರೆ ಬೆಂಟ್ಲಿ ಎಲ್ಲೂ ಇಲ್ಲ.

ನನಗೆ ಈ ಕೊನೆಯ ಮಾತು ತುಂಬಾ ಹಿಡಿಸಿತು. ಕಾರು ಅದೇನಾ ಅಂತ ಕೇಳುವಾಗ ನಾವು ಒಳಗೆ ಏನಿದೆ ಅಂತಷ್ಟೇ ನೋಡ್ತೀವಿ. ಬಿಚ್ಚಿದ ಸಾಮಾನು ಎಲ್ಲಿಗೆ ಹೋಯಿತು ಅಂತ ಕೇಳಲ್ಲ. ಆ ಹಳೆಯ ಛಾಸಿಗೆ ಬೇರೆಯವರು ಬಾಡಿ ಕೂರಿಸಿದ್ದರೆ ಒಂದೇ ಹೆಸರಿಗೆ ಎರಡು ಕಾರು ಬಂದು ನಿಲ್ಲುತ್ತವೆ, ಅಲ್ವಾ?

ಈಗ ನಿಮ್ಮ ಹೆರಾಲ್ಡ್. ಅದೂ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್, ಮದ್ರಾಸಿನಲ್ಲಿ ತಯಾರಾದದ್ದು. ನನ್ನ ಬಳಿಯೂ ಒಂದಿತ್ತು. ಟಿಂಕರಿಂಗ್‌ಗೆ ಬಿಟ್ಟಾಗ ಗ್ಯಾರೇಜಿನವರು ಹಳೆಯ ಎಂಜಿನ್ ಬ್ಲಾಕನ್ನು ಒಂದು ಮಾತೂ ಕೇಳದೆ ಗುಜರಿಗೆ ಹಾಕಿಬಿಟ್ಟರು. ಆ ಸಂಕಟ ಇವತ್ತಿಗೂ ಇದೆ. ಅದಕ್ಕೇ ಹೇಳ್ತೀನಿ, ನಿಮ್ಮಲ್ಲಿ ಹಳೆಯ ಬಾಗಿಲೋ ಎಂಜಿನ್ನೋ ಉಳಿದಿದ್ದರೆ ಕೊಡಬೇಡಿ.

ಬಾನೆಟ್ ಎತ್ತಿ ಒಳಗಿನ ತಗಡಿನ ಮೇಲಿರುವ ನಂಬರ್ ಪಟ್ಟಿ ಹುಡುಕಿ. ನನ್ನದರ ಮೇಲೆ ಎರಡು ಕೋಟ್ ಬಣ್ಣ ಹೊಡೆದಿದ್ದರು. ಬ್ಲೇಡ್ ಹಾಕಿದರೆ ಅಕ್ಷರ ಹೋಗುತ್ತೆ. ಹತ್ತಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ, ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲಗೆ ಉಜ್ಜಿದೆ. ಮೊದಲು ಹಸಿರು ಬಣ್ಣ ಬಿಟ್ಟಿತು, ಆಮೇಲೆ ಬಿಳಿ, ಆಮೇಲೆ ಒಂದೊಂದೇ ಅಂಕಿ. ಅದನ್ನು ತಾತನ ಆರ್.ಸಿ. ಬುಕ್ ಜೊತೆ ಹೋಲಿಸಿ. ಎಂಜಿನ್ ಬದಲಾದದ್ದನ್ನು ಆರ್‌ಟಿಓದಲ್ಲಿ ಬರೆಸಿದ್ದಾರಾ ನೋಡಿ. ಬರೆಸಿಲ್ಲ ಅಂದರೆ ಈಗಲೇ ಹೋಗಿ ವಿಚಾರಿಸಿ. ಗ್ಯಾರೇಜ್ ಬಿಲ್ಲು, ಕಾರಿನ ಮುಂದೆ ತಾತ ನಿಂತ ಫೋಟೋ, ಎಲ್ಲಾ ಒಂದೇ ಫೈಲಿನಲ್ಲಿ ಇಡಿ. ಎರಡು ಎಂಜಿನ್ ಯಾವಾಗ ಬದಲಾದವು ಅಂತ ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ ಬರೆದುಕೊಳ್ಳಿ.