ಜಿಯೋನಿಸಂ ಕುರಿತ ನಿಮ್ಮ ಲೇಖನ: ಎರಡು ಸಾಲುಗಳ ಬಗ್ಗೆ ತಕರಾರು

ಆತ್ಮೀಯರೇ,

ಜಿಯೋನಿಸಂಗೂ (ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ ಸ್ವಂತ ನಾಡು ಬೇಕೆಂದ ಚಳವಳಿ) ಯಹೂದಿ ಧರ್ಮಾಚರಣೆಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಸಲೀಸಾಗಿ ಓದಿಸಿಕೊಳ್ಳುತ್ತದೆ. ಆದರೆ ಎರಡು ಸಾಲುಗಳು ನನ್ನನ್ನು ಕೆರಳಿಸಿದವು. ಅವು ಸರಿಯಾಗದೆ ಅಚ್ಚಿಗೆ ಕೊಡಲಾರೆ.

ಮೊದಲನೆಯದು: ‘ಆಚಾರವಂತ ಯಹೂದಿಗಳೆಲ್ಲರ ಪ್ರಾರ್ಥನೆಯನ್ನು ಜಿಯೋನಿಸಂ ಈಡೇರಿಸಿತು.’ ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ‘ಎಲ್ಲರೂ’ ಎಂದು ಕಂಡಲ್ಲೆಲ್ಲ ಹಿರಿಯರು ಹೆಸರು, ಊರು, ಇಸವಿ ಬರೆಸುತ್ತಿದ್ದರು. ನೀವೂ ಬರೆಯಿರಿ. 1897ರಲ್ಲಿ ಜಿಯೋನಿಸ್ಟರ ಮೊದಲ ಸಮಾವೇಶ ಮ್ಯೂನಿಕ್‌ನಲ್ಲಿ ಸೇರಬೇಕಿತ್ತು. ಜರ್ಮನಿಯ ರಬ್ಬಿಗಳೇ (ಯಹೂದಿ ಧರ್ಮಗುರುಗಳು), ಸಂಪ್ರದಾಯಸ್ಥರೂ ಸುಧಾರಕರೂ ಒಟ್ಟಾಗಿ, ಪ್ರತಿಭಟಿಸಿದರು. ಅದು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಯಿತು. ಯಹೂದಿಗಳು ಕಾಯುವ ಉದ್ಧಾರಕ ಮೆಸ್ಸೀಯ ಬರುವ ಮುನ್ನ ಬಲದಿಂದ ಇಸ್ರಯೇಲ್ ನಾಡಿಗೆ ಮರಳಕೂಡದೆಂದು ವಿರೋಧಿಗಳು ಯಹೂದಿ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನ ಕೆತುಬೋತ್ ಭಾಗದ ಮೂರು ಪ್ರತಿಜ್ಞೆಗಳನ್ನು ಮುಂದಿಟ್ಟರು. ನಿಮ್ಮಲ್ಲಿ ಅವುಗಳ ಸುಳಿವೇ ಇಲ್ಲ. ಆಚಾರ ಬಿಡದೆ ಚಳವಳಿಯೊಳಗೇ ಉಳಿಯಲು ರಬ್ಬಿ ರೈನ್ಸ್ 1902ರಲ್ಲಿ ವಿಲ್ನಾದಲ್ಲಿ ಮಿಜ್ರಾಹಿ ಎಂಬ ಸಂಘಟನೆ ಕಟ್ಟಿದರು. ಹೊರಗೆ ನಿಂತವರು 1912ರಲ್ಲಿ ಕಾಟೊವಿಟ್ಸ್‌ನಲ್ಲಿ ಅಗುದತ್ ಇಸ್ರಯೇಲ್ ಎಂಬ ಸಂಘಟನೆ ಕಟ್ಟಿದರು. ಎರಡರ ಹಿಂದೆಯೂ ಒಂದೇ ಜಗಳ: ಚಳವಳಿ ಲೌಕಿಕ ಶಿಕ್ಷಣಕ್ಕೆ ಕೈ ಹಾಕಬಹುದೇ?

ಎರಡನೆಯದು ಇನ್ನೂ ನೋಯಿಸಿತು: ‘ಹೊಲಕ್ಕಿಳಿದಾಗ ಧರ್ಮ ಅಡ್ಡಬರಲಿಲ್ಲ.’ ಶ್ಮಿತಾ ವರ್ಷವನ್ನು ಮರೆತು ಇದನ್ನು ಬರೆಯಲಾಗದು. ಯಹೂದಿಗಳ ಮೂಲ ಧರ್ಮಗ್ರಂಥ ತೋರಾ ಪ್ರಕಾರ ಏಳನೇ ವರ್ಷ ಆ ನಾಡಿನ ನೆಲ ಬೀಳು ಬಿಡಬೇಕು. ಜಿಯೋನಿಸಂಗೂ ಮುಂಚಿನ ವಲಸೆ ಚಳವಳಿಯಾದ ಹಿಬ್ಬತ್ ಸಿಯೋನ್ ಕಾಲದ ಹೊಸ ವಸಾಹತುಗಳಿಗೆ 1888–89ರಲ್ಲಿ ಆ ವರ್ಷ ಎದುರಾಯಿತು. ಒಂದು ಬೆಳೆ ತಪ್ಪಿದರೆ ಊಟಕ್ಕಿಲ್ಲ. ಆಗ ಹೊಳೆದ ದಾರಿ: ಜಮೀನನ್ನು ಯಹೂದ್ಯೇತರರಿಗೆ ಕ್ರಯ ಮಾಡಿಕೊಡುವುದು, ಮಾಲೀಕ ಯಹೂದಿಯಲ್ಲದ್ದರಿಂದ ನಿಷೇಧ ಸಡಿಲವಾಗುತ್ತದೆ. ಕೋವ್ನೋದ ರಬ್ಬಿ ಸ್ಪೆಕ್ಟರ್ ಷರತ್ತಿನೊಡನೆ ಒಪ್ಪಿದರು: ಉಳುಮೆ, ಬಿತ್ತನೆ ಯಹೂದ್ಯೇತರ ಕೂಲಿಗಳಿಂದಲೇ ಆಗಬೇಕು. ಜೆರುಸಲೇಮಿನ ಅಶ್ಕೆನಾಜಿ (ಯುರೋಪ್ ಮೂಲದ ಯಹೂದಿ ಪಂಗಡ) ರಬ್ಬಿಗಳಾದ ಡಿಸ್ಕಿನ್, ಸಾಲಂಟ್ ಒಪ್ಪಲಿಲ್ಲ. ಬ್ಯಾರನ್ ರಾತ್ಸ್‌ಚೈಲ್ಡ್ ಪೋಷಿಸುತ್ತಿದ್ದ ಎಕ್ರೋನ್ ವಸಾಹತಿನ ರೈತರು ನೇಗಿಲು ಮುಟ್ಟಲಿಲ್ಲ. 1909–10ರ ಶ್ಮಿತಾದಲ್ಲಿ ಯಾಫಾದ ರಬ್ಬಿ ಕೂಕ್ ಅದೇ ಕ್ರಯವನ್ನು ಎತ್ತಿಹಿಡಿದಾಗ ಜಗಳ ಮತ್ತೆ ಹೊತ್ತಿಕೊಂಡಿತು.

ಲೇಖನವನ್ನು ಎಕ್ರೋನ್‌ನಿಂದಲೇ ಶುರುಮಾಡಿ. ಜಿಯೋನಿಸ್ಟ್ ನಾಯಕ ಬೆನ್‌-ಗುರಿಯನ್ 1947ರಲ್ಲಿ ಅಗುದತ್ ಇಸ್ರಯೇಲ್‌ಗೆ ಬರೆದ ಪತ್ರದ ಭಾಗ ಹಾಗೇ ಇರಲಿ. ‘ಎಲ್ಲರೂ’ ಇರುವ ಸಾಲುಗಳನ್ನು ಹುಡುಕಿ ತೆಗೆದು ಮತ್ತೆ ಕಳಿಸಿ, ಕಾಯುತ್ತೇನೆ.