ಜಪಾನಿನ ಕತ್ತಿ ಕಮ್ಮಾರರನ್ನ ಸಾಕ್ತಿದ್ದವ್ರು ಯಾರು, ಸಮುರಾಯ್‌ಗಳೇನಾ?

ಬರೀ ಸಮುರಾಯ್‌ಗಳಲ್ಲ, ಕಾಲಕ್ಕೆ ತಕ್ಕಂಗೆ ಬದಲಾಗಿದೆ. ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದು ಗೋ-ತೋಬಾ ಚಕ್ರವರ್ತಿ ಕೇಸು, 1198ರಲ್ಲಿ ಪಟ್ಟ ಬಿಟ್ಟ ಮೇಲೆ ಈ ಮನುಷ್ಯ ಬಿಜೆನ್, ಬಿಚ್ಚು, ಕ್ಯೋಟೋ ಕಡೆಯ ಒಳ್ಳೊಳ್ಳೆ ಕಮ್ಮಾರರನ್ನ ಕರೆಸಿ ತಿಂಗಳ ಲೆಕ್ಕದಲ್ಲಿ ಪಾಳಿ ಹಾಕಿ ಕತ್ತಿ ಮಾಡಿಸ್ತಿದ್ದ, ತಾನೂ ಕೆಲಸಕ್ಕೆ ಕೈ ಹಾಕ್ತಿದ್ದ ಅಂತಾರೆ. ಕೊನೆಗೆ 1221ರಲ್ಲಿ ಕಾಮಾಕುರಾದಲ್ಲಿದ್ದ ಸಮುರಾಯ್‌ಗಳ ಸರ್ಕಾರದ ಮೇಲೆ ಯುದ್ಧಕ್ಕೆ ಹೋಗಿ ಸೋತು ಓಕಿ ದ್ವೀಪಕ್ಕೆ ಗಡಿಪಾರಾದ, ಅದು ಬೇರೆ ವಿಷ್ಯ ಬಿಡಿ.

ಎಲ್ಲ ಕಮ್ಮಾರರಿಗೂ ಇಂಥ ಮರ್ಯಾದೆ ಸಿಗ್ತಿತ್ತು ಅನ್ಕೋಬೇಡಿ. 15-16ನೇ ಶತಮಾನದಲ್ಲಿ ದೈಮ್ಯೋಗಳು, ಅಂದ್ರೆ ನಮ್ಮ ಕಡೆ ಪಾಳೇಗಾರರು ಇದ್ದಂಗೆ, ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡ್ತಿದ್ದಾಗ ಬಿಜೆನ್‌ನ ಒಸಾಫುನೆಯಂಥ ಊರಲ್ಲಿ ಸಾಧಾರಣ ಕತ್ತಿಗಳನ್ನ ರಾಶಿರಾಶಿ ಮಾಡಿ ಹಾಕ್ತಿದ್ರು, ಕಾಲಾಳುಗಳಿಗೆ ಅಷ್ಟು ಸಾಕಿತ್ತು. ಸ್ಪೆಷಲ್ ಆರ್ಡರ್ ಆದ್ರೆ ಮಾತ್ರ ಬೇರೆ ಲೆಕ್ಕ, ಕೆಲವು ಸಲ ಮಾಡಿಸಿದವನ ಹೆಸರನ್ನೂ ಹಿಡಿಯೊಳಗೆ ಹೋಗೋ ಭಾಗದ ಮೇಲೆ ಕೆತ್ತುತಿದ್ರು.

ಆಮೇಲೆ ಈ ಹೊಡೆದಾಟದಲ್ಲಿ ಗೆದ್ದು ಜಪಾನ್ ಆಳಿದ ತೊಕುಗಾವಾ ಇಎಯಾಸು ಎಚಿಜೆನ್ ಪ್ರಾಂತ್ಯದ ಒಬ್ಬ ಕಮ್ಮಾರನ ಕೆಲಸ ಮೆಚ್ಚಿ ತನ್ನ ಹೆಸರಿನ 'ಯಾಸು' ಅನ್ನೋ ಅಕ್ಷರವನ್ನೇ ಕೊಟ್ಟ, ಆತ ಯಾಸುತ್ಸುಗು ಆದ, ಜೊತೆಗೆ ತೊಕುಗಾವಾ ಮನೆತನದ ಲಾಂಛನ ಕೆತ್ತೋ ಪರ್ಮಿಷನ್ ಬೇರೆ. ದುಡ್ಡಿಗಿಂತ ಇದೇ ದೊಡ್ಡದು ಅನ್ಸುತ್ತೆ ನಂಗೆ, ಯಾಕಂದ್ರೆ ಕತ್ತಿ ಬರೀ ಆಯುಧ ಆಗಿರ್ಲಿಲ್ಲ, ದೊರೆಗಳು ಕೊಡೋ ಉಡುಗೊರೆನೂ ಆಗಿತ್ತು, ಅದರ ಬೆಲೆ ಕಟ್ಟಿ ಸರ್ಟಿಫಿಕೇಟ್ ಕೊಡೋಕೆ ಹೊನ್‌ಅಮಿ ಅಂತ ಒಂದು ಮನೆತನವೇ ಇತ್ತು.

1876ರಲ್ಲಿ, ತೊಕುಗಾವಾ ಆಳ್ವಿಕೆ ಹೋಗಿ ಬಂದ ಹೊಸ ಮೆಯ್ಜಿ ಸರ್ಕಾರ ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡೋದನ್ನ ಬ್ಯಾನ್ ಮಾಡಿದ ಮೇಲೆ ಸುಮಾರು ಜನ ಕಮ್ಮಾರರು ಅಡುಗೆಮನೆ ಚಾಕು, ಕುಡುಗೋಲು ಮಾಡೋಕೆ ಇಳಿದ್ರು.