ಓದುಗರ ಪ್ರಶ್ನೆ: ಶಿಲಾಪಾಕಕ್ಕೆ (ಭೂಮಿಯೊಳಗೆ ಕರಗಿದ ಕಲ್ಲಿಗೆ) ನೀರು ಯಾಕೆ ಬೇಕು?

ಪ್ರಶ್ನೆ: ಸಮುದ್ರತಳದ ಫಲಕ ಭೂಮಿಯೊಳಗೆ ಜಾರಿ, ಕಾವಿಗೆ ಕರಗಿ ಜ್ವಾಲಾಮುಖಿಯಾಗಿ ಮೇಲೇಳುತ್ತದೆ ಎಂದು ಓದಿದ್ದೇನೆ. ನಮ್ಮ ಎರಿ ಹೊಲದಡಿಯ ಕರಿಕಲ್ಲೂ ಹಾಂಗ ಹುಟ್ಟಿದ್ದೇನ್ರಿ?
– ರೈತ ಓದುಗರು, ಸಿಂದಗಿ

ಉತ್ತರ: ಎರಡೂ ಅಲ್ಲ. ಒಳಗಿಳಿಯುವ ಫಲಕ ತಣ್ಣಗಿನದು; ಸುತ್ತಲಿನ ಮ್ಯಾಂಟಲನ್ನೇ (ಭೂಮಿಯ ಹೊರಚಿಪ್ಪಿನ ಕೆಳಗಿನ ಬಿಸಿಕಲ್ಲಿನ ಪದರ) ಅದು ತಣಿಸುತ್ತದೆ. ಮೇಲಿನ ಕೆಸರಿನ ಪದರ ಒಂದಿಷ್ಟು ಕರಗೀತು, ಅದರಡಿಯ ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು) ಕರಗುವುದು ಈಗಿನ ಕಾಲದಲ್ಲಿ ಅಪರೂಪ. ಫಲಕ ಮಾಡುವ ಕೆಲಸ ನೀರು ಹೊರುವುದು. ಕಡಲಡಿ ಕೋಟ್ಯಂತರ ವರ್ಷ ಕಳೆದ ಕಲ್ಲಿನಲ್ಲಿ ನೀರು ಕ್ಲೋರೈಟ್, ಆಂಫಿಬೋಲ್, ಸರ್ಪೆಂಟೈನ್ ಹರಳುಗಳೊಳಗೇ ಸೇರಿಕೊಂಡಿರುತ್ತದೆ. ಇಳಿದಂತೆ ಒತ್ತಡ, ಕಾವು ಏರಿ ಆ ಖನಿಜಗಳು ಒಡೆದು ನೀರು ಬಿಡುತ್ತವೆ, ಅದು ಮೇಲಿನ ಮ್ಯಾಂಟಲಿಗೆ ಸೇರುತ್ತದೆ. ಜ್ವಾಲಾಮುಖಿಗಳ ಸಾಲು ನಿಂತಿರುವುದು ಸಾಮಾನ್ಯವಾಗಿ ಫಲಕ 100 ಕಿ.ಮೀ. ಆಸುಪಾಸಿನ ಆಳ ಮುಟ್ಟಿದ ಕಡೆ. ಅಷ್ಟು ಆಳದ ಒತ್ತಡದಲ್ಲಿ ಮ್ಯಾಂಟಲಿನ ಪೆರಿಡೊಟೈಟ್ ಕಲ್ಲು ಒಣಗಿದ್ದರೆ ಕರಗಲು 1,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬೇಕು. ನೀರು ಧಾರಾಳ ಸಿಕ್ಕರೆ 1,000 ಡಿಗ್ರಿಯ ಹೊತ್ತಿಗೇ ಕರಗತೊಡಗುತ್ತದೆ. ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಸುರಿಯುತ್ತಾರಲ್ಲ, ಅದೇ ತತ್ವ: ಒಲೆ ಹಚ್ಚದೆಯೇ ಗಡ್ಡೆ ನೀರಾಗುತ್ತದೆ.

ನಿಮ್ಮ ಕರಿಕಲ್ಲಿನ ಕಥೆ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿಸಿ ಮ್ಯಾಂಟಲ್ ಮೇಲೇರಿ, ಒತ್ತಡ ಇಳಿದಿದ್ದಕ್ಕೇ ಕರಗಿ ಹರಿದ ಡೆಕ್ಕನ್ ಲಾವಾ ಅದು. ಜಾರುವ ಫಲಕದ ಮೇಲಿನ ಜ್ವಾಲಾಮುಖಿ ನಮ್ಮ ದೇಶದಲ್ಲೇ ಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪವಿದೆ.

ಪ್ರಶ್ನೆ: ಹುನಗುಂದದ ಸುತ್ತಲಿನ ಹಸಿರುಗಪ್ಪು ಕಲ್ಲು ಪುರಾತನ ಜ್ವಾಲಾಮುಖಿ ಸಾಲಿನದೇ ಎಂದು ಹೇಗೆ ಪರೀಕ್ಷಿಸುವುದು?
– ಭೂವಿಜ್ಞಾನ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಫಲಕದಿಂದ ಬರುವ ನೀರು ಬೇರಿಯಮ್, ಸ್ಟ್ರಾನ್ಷಿಯಮ್, ಸೀಸಗಳನ್ನು ಹೊತ್ತು ತರುತ್ತದೆ, ನಯೋಬಿಯಮ್, ಟ್ಯಾಂಟಲಮ್ ಅದರಲ್ಲಿ ಸುಲಭಕ್ಕೆ ಕರಗವು, ರೂಟೈಲ್ ಖನಿಜದಲ್ಲಿ ಅಲ್ಲೇ ಉಳಿಯುತ್ತವೆ. ಹಾಗಾಗಿ ಕಲ್ಲಿನ ಧಾತುಗಳ ಪ್ರಮಾಣವನ್ನು ಸಾಲಾಗಿ ಗುರುತಿಸಿದ ನಕ್ಷೆಯಲ್ಲಿ ನಯೋಬಿಯಮ್ ಬಳಿ ಗುಂಡಿ ಬೀಳುತ್ತದೆ. ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಮೇಲೇರುವ ಶಿಲಾಪಾಕ ಭೂಖಂಡದ ಕಲ್ಲನ್ನು ನುಂಗಿದರೂ ಅದೇ ಗುಂಡಿ ಬೀಳುತ್ತದೆ. ಡೆಕ್ಕನ್ನಿನ ಕೆಲವು ಪದರಗಳಲ್ಲಿ ಹೀಗಾಗಿದೆ.

250 ಕೋಟಿ ವರ್ಷಗಳಿಗೂ ಹಿಂದೆ ಮ್ಯಾಂಟಲ್ ಈಗಿನದಕ್ಕಿಂತ ಹೆಚ್ಚು ಬಿಸಿಯಿತ್ತು, ಆಗ ಫಲಕದ ಬಸಾಲ್ಟೇ ಕರಗಿರಬಹುದು. ಹಾಗೆ ಕರಗಿದಾಗ ಹಿಂದುಳಿದ ಗಾರ್ನೆಟ್ ಯಿಟ್ರಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಹುಟ್ಟಿದ, ಸಿಲಿಕಾ ಹೆಚ್ಚಿರುವ ಕಲ್ಲಿನಲ್ಲಿ ಸ್ಟ್ರಾನ್ಷಿಯಮ್–ಯಿಟ್ರಿಯಮ್ ಅನುಪಾತ 40 ದಾಟುತ್ತದೆ. ತೊಡಕು ಇಲ್ಲೇ: ಕಲ್ಲು ರೂಪಾಂತರಗೊಂಡಾಗ ಸ್ಟ್ರಾನ್ಷಿಯಮ್, ಬೇರಿಯಮ್, ಪೊಟ್ಯಾಸಿಯಮ್ ಜಾಗ ಬಿಟ್ಟು ಓಡಾಡುತ್ತವೆ. ಹಳೆಯ ಕಲ್ಲಿನಲ್ಲಿ ಜಿರ್ಕೋನಿಯಮ್, ಟೈಟಾನಿಯಮ್, ಥೋರಿಯಮ್, ನಯೋಬಿಯಮ್, ವಿರಳ ಭಸ್ಮಧಾತುಗಳೇ (ರೇರ್ ಅರ್ತ್) ಹೆಚ್ಚು ನಂಬಿಕಸ್ಥ.

ಮಾದರಿ ತೆಗೆಯುವಾಗ ತುಕ್ಕು ಬಣ್ಣದ ಹೊರಸಿಪ್ಪೆ ಪೂರ್ತಿ ಒಡೆದು ತೆಗೆಯಿರಿ. ಬೆಣಚುಕಲ್ಲು, ಕ್ಯಾಲ್ಸೈಟ್ ಎಳೆಗಳಿರುವ ತುಂಡು ಬೇಡ. ಸಣ್ಣ ಹರಳಿನ ಕಲ್ಲಾದರೆ 2–3 ಕೆ.ಜಿ. ಸಾಕು. ಟಂಗ್‌ಸ್ಟನ್ ಕಾರ್ಬೈಡ್ ಯಂತ್ರದಲ್ಲಿ ಅರೆಸಿದರೆ ಟ್ಯಾಂಟಲಮ್, ಕೋಬಾಲ್ಟ್ ಯಂತ್ರದಿಂದಲೇ ಪುಡಿಗೆ ಸೇರುತ್ತವೆ. ಟ್ಯಾಂಟಲಮ್ ಕೊರತೆ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಎಡವಟ್ಟಿಲ್ಲ. ಅಗೇಟ್ ಖಲ್ಬತ್ತು ಬಳಸಿ. ಇಳಕಲ್ಲಿನ ಕೆಂಪು ಗ್ರಾನೈಟನ್ನೂ ಹೋಲಿಕೆಗೆ ಸೇರಿಸುವುದಾದರೆ ವಿಶ್ಲೇಷಣೆಗೆ ಪುಡಿ ಕರಗಿಸುವ ಆಮ್ಲದಲ್ಲಿ ಜಿರ್ಕಾನ್ ಹರಳು ಕರಗದೆ ಉಳಿದು ಜಿರ್ಕೋನಿಯಮ್ ಕಡಿಮೆ ತೋರಿಸುತ್ತದೆ, ಎಚ್ಚರ.

ಪ್ರಶ್ನೆ: ಜಾರುವ ಫಲಕದ ಮೇಲೆ ಹುಟ್ಟುವ ಶಿಲಾಪಾಕದಲ್ಲಿ ನೀರು ಎಷ್ಟಿರುತ್ತದೆ?
– ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಸಾಲ್ಟ್ ಹಂತದಲ್ಲಿ ತೂಕದ ಸರಾಸರಿ ಶೇ. 4ರ ಆಸುಪಾಸು. ಆಲಿವೀನ್ ಹರಳಿನೊಳಗೆ ಸಿಕ್ಕಿಬಿದ್ದ ಗಾಜಿನ ಹನಿಗಳನ್ನು ಅಳೆದು ತಿಳಿದದ್ದು. ಹುನಗುಂದದ ಹಸಿರುಕಲ್ಲಿಗೆ ಈ ಅಳತೆ ಒಗ್ಗದು: ಆಲಿವೀನ್ ಇಷ್ಟು ಹಳೆಯ ಕಲ್ಲಿನಲ್ಲಿ ಬೇರೆ ಖನಿಜವಾಗಿ ಮಾರ್ಪಟ್ಟಿರುತ್ತದೆ.